ಬಸುರಿ ಹೊಲದ ಉತಾರ

ಎಳ್ಳ ಅಮವಾಸ್ಯೆ ಅಂದರೆ ನನಗೆ ಈಗಲೂ ಚಕ್ಕಡಿ, ಅದರಲ್ಲಿ ಊಟದ ಬುಟ್ಟಿಯ ಪಕ್ಕ ಕೂಡಲು ಹಿಡಿಯುತ್ತಿದ್ದ ಹಟ. ಬುಟ್ಟಿ ತುಂಬ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು. ಮುನವಳ್ಳಿ ಆಚೆಯ ನಮ್ಮ ಹೊಲದಲ್ಲಿ ಜೋಳ ತೆನೆ ಕಟ್ಟುತ್ತಿರುತ್ತಿತ್ತು. ಬೆಳೆ ಹೊತ್ತ ಭೂಮಿ ಬಸುರಿ. ಅವಳ ಬಯಕೆ ತೀರಲೆಂದು ಅಡುಗೆಯನ್ನು ಹೊಲದ ತುಂಬ ಚೆಲ್ಲುವುದೇ ಚರಗ. ಅಪ್ಪ ಮುಂದೆ ಚೆಲ್ಲುತ್ತ ನಡೆದರೆ ಹಿಂದೆ ನೀರು ಚಿಮುಕಿಸುವ ಕೆಲಸ ನನ್ನದು. ಅರ್ಧ ನೀರು ನನ್ನ ಲಂಗದ ಮೇಲೆಯೇ ಬೀಳುತ್ತಿತ್ತು. ಆ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ತುಂಬುತ್ತದೆ.

ಅಪ್ಪ ತೀರಿಕೊಂಡ ಮೇಲೆ ಹೊಲ ನನ್ನ ಹೆಸರಿಗಾಯಿತು. ನಾನು ರಾಮದುರ್ಗದ ಸಾಲೆಯಲ್ಲಿ ಮಾಸ್ತರಿಕೆ ಮಾಡುವವಳು. ಹೊಲವನ್ನು ಪಾಲಿಗೆ ಮಾಡಿದವನು ಮುನವಳ್ಳಿಯ, ತುಂಡು ನೆಲವೂ ಇಲ್ಲದ ಒಬ್ಬ ಸಂಭಾವಿತ. ಒಂದು ವರ್ಷ ಕಾಲುವೆ ನೀರಿನ ಪಾಳಿಗಾಗಿ ಬಡಿದಾಟವಾಯಿತು. ಜಗಳ ಬಿಡಿಸಲು ಹೋದ ಇವನನ್ನೂ ಸೇರಿಸಿ ಆರು ಮಂದಿಯನ್ನು ಪೊಲೀಸರು ಒಯ್ದರು. ಕೋರ್ಟು ಎಲ್ಲರಿಗೂ ಜಾಮೀನು ಕೊಟ್ಟಿತು. ಐವರು ವಾರದೊಳಗೆ ಮನೆಗೆ ಬಂದರು. ಇವನು ಬರಲಿಲ್ಲ. ಯಾರಾದರೂ ತಮ್ಮ ಹೊಲದ ಉತಾರ, ಅಂದರೆ ಪಹಣಿ, ಕೊಟ್ಟು ಇವನ ಜಾಮೀನಿಗೆ ಸಹಿ ಮಾಡಬೇಕಿತ್ತು. ಇವನ ಬಳಗದಲ್ಲಿ ಯಾರ ಹೆಸರಿಗೂ ಹೊಲವಿರಲಿಲ್ಲ.

ಅವನ ಹೆಂಡತಿ ಎಂಟು ತಿಂಗಳ ಬಸುರಿ, ಚೊಚ್ಚಲು. ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಹೆರಿಗೆಯೊಳಗೆ ಗಂಡ ಮನೆಗೆ ಬಂದರೆ ಸಾಕು ಎಂದಳು. ನಾನು ಹೂಂ ಅನ್ನುವುದರಲ್ಲಿದ್ದೆ. ಅವ್ವ ತಡೆದಳು. ಬಸುರಿ ಹೊಲವನ್ನು ಕಾಗದಕ್ಕೆ ಕಟ್ಟಬಾರದು, ಚರಗವಾಗಲಿ, ಆಮೇಲೆ ಸಹಿ ಹಾಕು ಎಂದಳು. ಅದು ನಮ್ಮ ಮನೆತನದ ಪದ್ಧತಿ. ಮಕ್ಕಳಿಗೆ ಸಂವಿಧಾನ ಪಾಠ ಹೇಳುವ ನಾನು ಅವ್ವನ ಮುಂದೆ ಬಾಯಿ ಬಿಡಲಿಲ್ಲ. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅಮವಾಸ್ಯೆಗೆ ಇನ್ನೂ ತಿಂಗಳಿತ್ತು. ಒಂದು ತಿಂಗಳು ತಾನೇ, ಅಂದುಕೊಂಡೆ.

ಆ ವರ್ಷ ಚರಗ ಜೋರಾಗಿಯೇ ಆಯಿತು. ಮರುದಿನ ಉತಾರ ಹಿಡಿದು ಸವದತ್ತಿ ಕೋರ್ಟಿಗೆ ಹೋದೆ. ಅಷ್ಟರಲ್ಲಿ ಅವಳಿಗೆ ಹೆರಿಗೆಯಾಗಿ ಒಂಬತ್ತು ದಿನ ಕಳೆದಿತ್ತು. ಅವನು ಹೊರಗೆ ಬಂದನೆಂದು ತಿಳಿದು ಕೂಸಿಗೆ ಕುಲಾಯಿ ತೆಗೆದುಕೊಂಡು ಅವರ ಮನೆಗೆ ಹೋದೆ. ಅವಳು ಕೂಸನ್ನು ನನ್ನ ತೊಡೆಯ ಮೇಲಿಟ್ಟು ಮೆಲ್ಲಗೆ ಹೇಳಿದಳು: “ಹೊಲದ ಬಯಕಿ ತೀರಿಸಿದ್ರಿ, ಚಲೋ ಆತ್ರಿ ಅಕ್ಕಾರ. ನನಗ ಇವರನ್ನ ನೋಡೂ ಬಯಕಿ ಒಂದ ಇತ್ರಿ.”

ನಾಚಿಕೆಯಿಂದ ನಾನು ಕುಗ್ಗಿಹೋದೆ. ತಪ್ಪು ಸಾಬೀತಾಗದವನನ್ನು, ಕೋರ್ಟು ಹೋಗು ಎಂದ ಮೇಲೂ, ಹೊಲವಿಲ್ಲ ಎಂಬ ಒಂದೇ ಕಾರಣಕ್ಕೆ ಕೂಡಿಹಾಕುವ ಜೈಲು ಯಾಕಾದರೂ ಇರಬೇಕು ಎಂದು ಸಿಟ್ಟಿನಿಂದ ಏನೇನೋ ಮಾತಾಡಿದೆ. ಒಳಗೆ ತನ್ನಂಥವರು ಬಹಳ ಮಂದಿ ಇದ್ದಾರೆ, ಕೆಲವರನ್ನು ನೋಡಲು ವರ್ಷದಿಂದ ಯಾರೂ ಬಂದಿಲ್ಲ ಎಂದ ಅವನು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ನಾನು ಎದ್ದು ಬಾಗಿಲಿಗೆ ಬಂದಾಗ ಹಿಂದೆಯೇ ಬಂದ.

“ನನ್ನ ಬಾಜೂಕ ಮಲಗತಿದ್ದಾವ ಒಬ್ಬ ಮುದುಕ ಅದಾನ್ರಿ. ಜಾಮೀನ ಆಗೇತಿ, ಉತಾರ ಕೊಡಾವ್ರಿಲ್ಲ,” ಎಂದ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ: “ಜ್ವಾಳ ಇನ್ನೂ ಹೊಲದಾಗ ಅದಾವ. ರಾಶಿ ಆಗೂತನಕ ಕಾಯಬೇಕೇನ್ರಿ ಅಕ್ಕಾರ?”