ಕೆಂಪು ದಾರ ಕಟ್ಟಿದ ಹತ್ತಿಹೂ

ಎಪ್ಪತ್ತರ ದಶಕದ ಮಾತು. ನಮ್ಮ ಹತ್ತಿಹೊಲ ಶಾಲೆಯ ಬೇಲಿಗೆ ಹೊಂದಿಕೊಂಡಿತ್ತು. ಶಾಲೆಗೆ ಹೊಸದಾಗಿ ಬಂದ ಅಕ್ಕೋರು, ಮಕ್ಕಳಿಗೆ ಪಾಠ ಮಾಡಲು ಎರಡು ಸಾಲು ಗಿಡ ಕೇಳಿದರು.

“ಹೊಲದಾಗ ಎಂಥಾ ಪಾಠರಿ?” ಎಂದೆ.

ದಕ್ಷಿಣದ ಕಡೆ ಒಬ್ಬ ಹೆಣ್ಣುಮಗಳಿದ್ದಾಳಂತೆ. ದೂರದೇಶಕ್ಕೆ ಹೋಗಿ ಕಲಿತು, ಒಂದು ಕಬ್ಬಿಗೆ ಇನ್ನೊಂದನ್ನು ಕೂಡಿಸಿ ಹೊಸ ತಳಿ ತೆಗೆದವಳಂತೆ. ಅದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ಮರೆಯುತ್ತಾರೆ, ಕೈಯಿಂದ ಮಾಡಿಸಬೇಕು ಎಂದರು ಅಕ್ಕೋರು. ಆಕೆಯ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಕಬ್ಬಿನಕ್ಕ ಎಂದೇ ಕರೆದೆ. ಸಾಲು ಕೊಟ್ಟೆ.

ಮರುದಿನ ಅರಳುವ ಮೊಗ್ಗನ್ನು ಸಂಜೆಯೇ ಉಗುರಿನಿಂದ ಬಿಡಿಸಿ, ಒಳಗಿನ ಪರಾಗದ ಪುಡಿಯ ಎಳೆಗಳನ್ನೆಲ್ಲ ಕಿತ್ತು ಹಾಕುವುದು. ಮುಂಜಾನೆ, ಶಾಲೆಯ ಅಂಗಳದಲ್ಲಿ ಬೆಳೆದ ಬೇರೆ ತಳಿಯ ಹೂವಿನ ಪುಡಿಯನ್ನು ಅದಕ್ಕೆ ಸವರಿ ದಾರ ಕಟ್ಟುವುದು. ಮುಂಜಾನೆ ತಪ್ಪಿತೋ, ಹೂವು ಹೋಯಿತು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ, ಅಕ್ಕೋರಿಗೂ ಒಂದು. ನನ್ನ ಮಗಳದು ಕೆಂಪು. ನನ್ನ ಹಳೆಯ ಇಳಕಲ್ಲ ಸೀರೆಯ ಸೆರಗಿನಿಂದ ಎಳೆದುಕೊಂಡಿದ್ದಳು.

ಆಗ ಅವಳು ಏಳನೆಯ ಇಯತ್ತೆ. ಒಂದು ಸಂಜೆ ಮೊಗ್ಗು ಬಿಡಿಸಿ ಮನೆಗೆ ಬಂದವಳು ಮೈನೆರೆದಳು.

ಅತ್ತೆ ಅವಳನ್ನು ಮೂಲೆಯಲ್ಲಿ ಕೂರಿಸಿದಳು. “ಇನ್ನ ಶಾಲಿ ಸಾಕು. ಹೊಲದ ಕಡೆ ಕಾಲಿಟ್ಟಿ ಅಂದ್ರ ನೋಡು. ಈಗ ನೀ ಮುಟ್ಟಿದ ಗಿಡಾ ಸುಟ್ಟು ಹೋಗ್ತದ.”

ನಮ್ಮಲ್ಲಿ ಮುಟ್ಟಾದವರು ಬೆಳೆಯೊಳಗೆ ಇಳಿಯುತ್ತಿರಲಿಲ್ಲ. ನಾನೂ ಅಲ್ಲಿಯವರೆಗೆ ಇಳಿದವಳಲ್ಲ.

ಬೆಳಗಾದಾಗ ಮಗಳು ಮೂಲೆಯಿಂದ ಕೇಳಿದಳು. “ಯವ್ವಾ, ನನ್ನ ಹೂವು?”

“ಏಳಬೇ, ನಡಿ.”

ಅತ್ತೆ ಬಾಗಿಲಿಗೆ ಅಡ್ಡ ನಿಂತಳು. “ತಲಿ ನೆಟ್ಟಗ ಐತೇನ ನಿಂದು?”

“ಅಗದಿ ನೆಟ್ಟಗೈತಿ. ಗಿಡಾ ಸುಟ್ರ ನಾನ ಆಕಿನ್ನ ಶಾಲಿ ಬಿಡಸ್ತೀನಿ. ಸುಡಲಿಲ್ಲಂದ್ರ ಮತ್ತ ನೀ ಬಾಯಿ ತಗಿಯಂಗಿಲ್ಲ.”

“ಕಬ್ಬಿನಕ್ಕ ಅಂತ, ಕಬ್ಬಿನಕ್ಕ! ಆಕಿಗೆ ಅತ್ತಿ ಇದ್ದಿಲ್ಲೇನು?”

“ಇದ್ದಿಲ್ಲಂತ. ಅದಕ್ಕ ಅಷ್ಟು ಕೆಲಸ ಆತು.”

ಹೊಲದಲ್ಲಿ ಅಕ್ಕೋರಿಗೆ ಮೊದಲೇ ಹೇಳಿದೆ. “ದೊಡ್ಡಾಕಿ ಆಗ್ಯಾಳ್ರಿ. ಆಮ್ಯಾಲೆ ಹೇಳಲಿಲ್ಲ ಅನಬ್ಯಾಡ್ರಿ.”

“ನನಗ ಹೇಳಿದ್ರಿ, ಆತು. ಹೂವಿಗೆ ಹೇಳಬ್ಯಾಡ್ರಿ,” ಎಂದು ನಕ್ಕು ಪುಡಿಯ ಹೂವನ್ನು ಮಗಳ ಕೈಗೆ ಕೊಟ್ಟರು.

ಮಗಳು ಸವರಿದಳು, ಕೆಂಪು ದಾರ ಕಟ್ಟಿದಳು. ಅವಳು ಯಾವುದನ್ನು ಮುಟ್ಟಿದ್ದಾಳೆಂದು ಆ ದಾರದಿಂದ ಊರಿಗೆಲ್ಲ ಕಾಣುವಂತಾಯಿತು.

ಅತ್ತೆ ದಿನಾ ಹೋಗಿ ಕೆಂಪು ದಾರ ನೋಡಿ ಬರತೊಡಗಿದಳು. ಒಂದು ದಿನ ಉದುರಿದ ಕೆಂಪು ದಾರದ ಹೂಗಳನ್ನು ಉಡಿಯಲ್ಲಿ ತುಂಬಿ ತಂದು ನನ್ನ ಮುಂದೆ ಸುರಿದಳು.

“ನೋಡು. ಬಿಡಸು ಶಾಲಿ.”

“ಅಕ್ಕೋರು ಕಟ್ಟಿದ್ದೂ ಉದುರ್ಯಾವ. ಅವರೂ ಮೂಲ್ಯಾಗ ಕುಂತಿದ್ರೇನು?” ಎಂದೆ.

ಉದುರದೆ ಉಳಿದ ಕೆಂಪು ದಾರಗಳಲ್ಲಿ ಕಾಯಿ ಬಲಿತವು. ಗಿಡ ಒಂದೂ ಸುಡಲಿಲ್ಲ. ಕಾಯಿ ಒಡೆದು ಹತ್ತಿ ಹೊರಬಿದ್ದ ದಿನ ಅತ್ತೆ, “ಈ ವರ್ಷ ಮಳಿ ಚೊಲೋ ಆಗಿತ್ತು, ಅದಕ್ಕ,” ಎಂದಳು.

“ಆಗಿರಬೇಕು ಬಿಡು. ಮೊಮ್ಮಗಳು ಶಾಲಿಗೆ ಹೊಂಟಾಳ, ಬುತ್ತಿ ಕಟ್ಟು.”

ಕಟ್ಟಿದಳು, ಗೊಣಗುತ್ತಲೇ. ಆ ತಿಂಗಳು ಮುಟ್ಟಾದಾಗ ನಾನು ಮೂಲೆಯಲ್ಲಿ ಕೂಡಲಿಲ್ಲ. ಹತ್ತಿ ಬಿಡಿಸಲು ಹೋದೆ.