ರುದ್ರಮ್ಮನವರು ‘ಹೌದು’ ಒತ್ತಿದರು

ಮೊನ್ನೆ ಬೆಳಿಗ್ಗೆ ಮನೆಯ ಲ್ಯಾಪ್‌ಟಾಪಿಗೆ ಹೊಸ ತಂತ್ರಾಂಶವೊಂದನ್ನು ಹಾಕಿಕೊಳ್ಳುತ್ತಿದ್ದೆ. ಅರ್ಧಕ್ಕೆ ಬಂದಾಗ ಅದು ತಡೆದು ನಿಂತು, ‘ಡೇಟಾಬೇಸನ್ನು ನಾನೇ ಸಿದ್ಧಪಡಿಸಿಕೊಳ್ಳಲೇ?’ ಎಂದು ಕೇಳಿತು. ಕೆಳಗೆ ಹೌದು, ಬೇಡ ಎಂಬ ಎರಡು ಗುಂಡಿ. ನಾನು ಒಬ್ಬನೇ ಕೂತು ನಗತೊಡಗಿದೆ. ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿ, ಏನೂ ಕೇಳದೆ ಒಳಗೆ ಹೋದಳು. ನೀವಾದರೂ ಕೇಳಿ.

ಕೆಲವು ವರ್ಷಗಳ ಹಿಂದೆ ನಾನೊಂದು ಪುಟ್ಟ ಸಂಸ್ಥೆಯಲ್ಲಿದ್ದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ಊರಲ್ಲಿ ಅದರ ವಾಚನಾಲಯಗಳಿದ್ದವು. ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂಬುದನ್ನು ಕಂಪ್ಯೂಟರಿಗೆ ಏರಿಸಬೇಕೆಂದು ತೀರ್ಮಾನವಾಯಿತು. ಬಸ್ಸು ಹತ್ತಿ ಹೋಗಿ ತಂತ್ರಾಂಶ ಹಾಕಿಕೊಟ್ಟು ಬರುವ ಕೆಲಸ ನನ್ನದು. ತಂತ್ರಾಂಶ ಅಂಗಡಿಯಿದ್ದ ಹಾಗೆ, ಹಾಕುವುದು ಸುಲಭ. ಕಷ್ಟವೆಲ್ಲ ಅದರ ಹಿಂದಿನ ಉಗ್ರಾಣದ್ದು. ವಿವರವನ್ನೆಲ್ಲ ತುಂಬಿಡುವ ಆ ಉಗ್ರಾಣವೇ ಡೇಟಾಬೇಸ್. ಅದನ್ನು ಕೈಯಾರೆ ಕಟ್ಟಬೇಕಿತ್ತು. ಹೆಸರಿಡಬೇಕು, ಬೀಗ ಹಾಕಬೇಕು, ಬೀಗದ ಕೈಯನ್ನು ತಂತ್ರಾಂಶಕ್ಕೆ ಒಪ್ಪಿಸಬೇಕು. ಇದಕ್ಕೆ ಬೇಕಾದ ಇಪ್ಪತ್ತು ಚಿಲ್ಲರೆ ಆಜ್ಞೆಯ ಸಾಲುಗಳು ನನ್ನ ನೋಟ್‌ಬುಕ್ಕಿನಲ್ಲಿದ್ದವು.

ನಿಜ ಹೇಳುತ್ತೇನೆ, ಆ ನೋಟ್‌ಬುಕ್ಕಿನಿಂದ ನನಗೆ ಪುರೋಹಿತರ ಮರ್ಯಾದೆ ಸಿಗುತ್ತಿತ್ತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಓಡುತ್ತಿದ್ದರೆ ಸುತ್ತ ನಿಂತವರು ಪಿಸುಮಾತಿಗಿಳಿಯುತ್ತಿದ್ದರು. ಚನ್ನಗಿರಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿಕೊಟ್ಟರು. ಹೊನ್ನಾಳಿಯಲ್ಲಿ ಬಸ್ಸಿನವರೆಗೆ ಬಂದು ಕಳಿಸಿಕೊಟ್ಟರು. ನ್ಯಾಮತಿಯಲ್ಲಿ ಮಾತ್ರ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ‘ಎಚ್’ ಸೇರಿಸಿ, ಇನ್ನೊಂದು ಕಡೆ ಬಿಟ್ಟು, ಉಗ್ರಾಣ ಎಲ್ಲಿ ಹೋಯಿತೆಂದು ಇಡೀ ದಿನ ಹುಡುಕಿದೆ. ‘ಕಂಪ್ಯೂಟರ್ ಬಿಸಿಯಾಗಿದೆ’ ಎಂದು ಗಂಭೀರವಾಗಿ ಹೇಳಿ ಮಾನ ಉಳಿಸಿಕೊಂಡೆ.

ಜಗಳೂರಿನ ಸರದಿ ಬರುವಷ್ಟರಲ್ಲಿ ನಮ್ಮ ಕಚೇರಿಯ ಸವಿತಾ ಅದೇ ತಂತ್ರಾಂಶದ ಹೊಸ ಪ್ಯಾಕೇಜೊಂದನ್ನು ಮಾಡಿ ಮುಗಿಸಿದ್ದಳು. ಹಾಕುವಾಗಲೇ ಅದು ಉಗ್ರಾಣವನ್ನೂ ತಾನೇ ಕಟ್ಟಿಕೊಳ್ಳುತ್ತದಂತೆ. ನಾನು ‘ನೋಡೋಣ’ ಎಂದೆ. ಅವಳು ನೋಡುತ್ತ ಕೂರದೆ ಪೆನ್‌ಡ್ರೈವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಜಗಳೂರಿಗೆ ಕಳಿಸಿಬಿಟ್ಟಳು.

ವಾರದ ಮೇಲೆ ನಾನು ಹೋದೆ. ಅಲ್ಲಿನ ವಾಚನಾಲಯ ನೋಡಿಕೊಳ್ಳುತ್ತಿದ್ದ ರುದ್ರಮ್ಮನವರು ಐವತ್ತು ದಾಟಿದವರು. ಅಲ್ಲಿಯವರೆಗೆ ಕಂಪ್ಯೂಟರನ್ನು ಧೂಳು ಒರೆಸಲು ಮಾತ್ರ ಮುಟ್ಟಿದವರು.

‘ಬರ್ರಿ ಸರ್. ನಿಮ್ಮ ಕೆಲಸ ಆಗೈತೆ,’ ಎಂದರು.

‘ಯಾರು ಮಾಡಿದ್ರು?’

‘ಅದೇ ಮಾಡ್ಕೊಂತು. ಡೇಟಾಬೇಸ್ ನಾನೇ ಮಾಡ್ಕೊಳ್ಲಾ ಅಂತ ಕೇಳ್ತು. ಮಾಡ್ಕೊಳ್ಳಪ್ಪ, ನನಗೆಲ್ಲಿ ಬರ್ತತೆ ಅಂತ ಹೌದು ಒತ್ತಿದೆ. ಊರು ಕೇಳ್ತು, ಹೇಳಿದೆ. ಚಾ ಕುಡಿಯಾಕೆ ಹೋಗಿ ಬರೋದ್ರಾಗೆ ಎಲ್ಲಾ ರೆಡಿ. ಎರಡೇ ಬೆರಳಾಗೆ ನಾಕುನೂರು ಪುಸ್ತಕ ಹೊಡ್ದೀನಿ ನೋಡ್ರಿ.’

ನಾನು ಸಂತೋಷಪಡಬೇಕಿತ್ತು. ಆದರೆ ನನ್ನ ಇಪ್ಪತ್ತು ಚಿಲ್ಲರೆ ಸಾಲುಗಳಿಗೆ ಕೆಲಸವೇ ಇಲ್ಲದಂತಾಗಿತ್ತು. ‘ಅದನ್ನ ಹಂಗೆಲ್ಲ ನಂಬಬಾರದು, ಒಂದ್ಸಲ ಪರೀಕ್ಷೆ ಮಾಡ್ತೀನಿ’ ಎಂದು ನೋಟ್‌ಬುಕ್ಕು ಬಿಡಿಸಿದೆ. ಬೆರಳುಗಳು ಅಭ್ಯಾಸಬಲದಿಂದ ಮೊದಲ ಸಾಲನ್ನೇ ಹೊಡೆದವು. ಆ ಸಾಲಿನ ಅರ್ಥ ಇಷ್ಟು: ಈ ಊರಿನ ಹೆಸರಿನ ಹಳೆಯ ಉಗ್ರಾಣವೇನಾದರೂ ಇದ್ದರೆ ಕೆಡವು.

ಇತ್ತು. ಕೆಡವಿತು.

ಪುಸ್ತಕಗಳ ಪಟ್ಟಿ ಇದ್ದಲ್ಲಿ ಬಟಾಬಯಲು. ರುದ್ರಮ್ಮನವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ತಮ್ಮ ಎರಡು ತೋರುಬೆರಳುಗಳನ್ನು ಒಮ್ಮೆ ನೋಡಿಕೊಂಡು, ಮೆಲ್ಲಗೆ, ‘ನೀವು ಬರೋ ತನಕ ಚೆನ್ನಾಗಿತ್ತು ಸರ್,’ ಎಂದರು.

ಸವಿತಾಗೆ ಫೋನ್ ಮಾಡಿದೆ.

‘ನೀವು ಹಿಂಗೇನಾದ್ರೂ ಮಾಡ್ತೀರ ಅಂತ ಗೊತ್ತಿತ್ತು,’ ಎಂದಳು. ‘ಹಾಕೋವಾಗಲೇ ಅದು ದಿನಾ ಸಂಜೆ ಒಂದು ನಕಲು ತೆಗೆದಿಡೋ ಏರ್ಪಾಡನ್ನೂ ಮಾಡ್ಕೊಂಡೈತೆ. ಈಗ ನಾನು ಹೇಳಿದ್ದನ್ನ ರುದ್ರಮ್ಮೋರು ಒತ್ತಲಿ. ನೀವು ಕುರ್ಚಿ ಬಿಟ್ಟು ಏಳ್ರಿ.’

ಎದ್ದೆ. ಫೋನಿಗೆ ಕಿವಿಗೊಟ್ಟು ರುದ್ರಮ್ಮನವರು ಒಂದೊಂದೇ ಗುಂಡಿ ಒತ್ತಿದರು. ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು, ನಿಂತಿತು, ಹೋಯಿತು. ಆಮೇಲೆ ಪುಸ್ತಕಗಳು ಬಂದವು. ಬಯಲಿನಿಂದ ಹಟ್ಟಿಗೆ ನುಗ್ಗುವ ಕುರಿಗಳ ಹಾಗೆ ಒಂದರ ಹಿಂದೊಂದು, ದಡದಡನೆ.

‘ಬಂದ್ವು,’ ಎಂದರು ರುದ್ರಮ್ಮನವರು. ಆಮೇಲೆ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಫೋನಿನೊಳಗೆ ಸವಿತಾ ನಕ್ಕಳು. ನನಗೂ ನಗು ಹತ್ತಿ, ಕಪಾಟಿಗೆ ಒರಗಿ ನಿಲ್ಲಬೇಕಾಯಿತು. ಮೂಲೆಯಲ್ಲಿ ಪೇಪರ್ ಓದುತ್ತಿದ್ದ ನಿವೃತ್ತ ಮೇಷ್ಟರು ಏನೆಂದು ತಿಳಿಯದೆ ತಾವೂ ನಕ್ಕರು.

ಆ ಬೆಳಿಗ್ಗೆ ಏರಿಸಿದ್ದ ಒಂಬತ್ತು ಪುಸ್ತಕ ಮಾತ್ರ ಹೋಗಿದ್ದವು. ‘ಅವನ್ನ ನೀವು ಹೊಡೀರಿ. ನಾನು ಓದಿ ಹೇಳ್ತೀನಿ,’ ಎಂದರು ರುದ್ರಮ್ಮನವರು. ವಿಧೇಯ ವಿದ್ಯಾರ್ಥಿಯಂತೆ ಹೊಡೆದೆ. ಮರಳಿ ಬರುವ ಬಸ್ಸಿನಲ್ಲಿ ಎಷ್ಟು ಹಗುರಾಗಿದ್ದೆನೆಂದರೆ, ಪಕ್ಕದವರಿಗೆ ಕಿಟಕಿಯ ಸೀಟನ್ನೂ ಬಿಟ್ಟುಕೊಟ್ಟೆ. ಪೌರೋಹಿತ್ಯ ಹೋದರೆ ಇಷ್ಟು ಸುಖವೆಂದು ಯಾರೂ ಹೇಳಿರಲಿಲ್ಲ.

ಮೊನ್ನೆ ಆ ಪ್ರಶ್ನೆಯನ್ನು ಹಾಗೇ ಬಿಟ್ಟು, ಈಗ ಕೆಲಸ ಬಿಟ್ಟು ಮನೆಯಲ್ಲಿರುವ ರುದ್ರಮ್ಮನವರಿಗೆ ಫೋನ್ ಮಾಡಿದೆ. ‘ಡೇಟಾಬೇಸ್ ಮಾಡ್ಕೊಳ್ಲಾ ಅಂತ ಕೇಳ್ತಿದೆ. ಏನ್ಮಾಡ್ಲಿ?’

‘ಹೌದು ಒತ್ತಿ, ಕೈ ಹಿಂದಕ್ಕೆ ಕಟ್ಕೊಂಡು ಕುಂದ್ರಿ,’ ಎಂದರು.

ಒತ್ತಿದೆ. ಫೋನನ್ನು ಮೇಜಿನ ಮೇಲಿಟ್ಟು ಕೈ ಹಿಂದಕ್ಕೆ ಕಟ್ಟಿಕೊಂಡೆ. ರುದ್ರಮ್ಮನವರು ಈ ಸಲದ ಮೆಕ್ಕೆಜೋಳ ಹೇಗೆ ಬಂದಿದೆಯೆಂದು ಹೇಳತೊಡಗಿದ್ದರು. ಪರದೆಯ ಮೇಲಿನ ಕೆಲಸ ಯಾವಾಗ ಮುಗಿಯಿತೋ, ನಾನು ನೋಡಲಿಲ್ಲ.