ಅತಿಥಿ ದಿಬ್ಬ

ಕಿವುಂಬಿ ದ್ವೀಪದಲ್ಲಿ ಈಗ ಯಾರೂ ಇಲ್ಲ. ಬಡಗಣ ದಡವೆಲ್ಲ ಹವಳದ ಬಂಡೆ, ಪಡುವಣಕ್ಕೆ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಕಾಡು, ತೆಂಕಣ ತುದಿಯಲ್ಲಿ ಸಮುದ್ರಕ್ಕೆ ಚಾಚಿದ ಮರಳ ದಿಬ್ಬ. ನಡುವೆ ಒಂದು ಬಾವಿ, ಮಸೀದಿಯ ಒಂದು ಗೋಡೆ. ಬಾವಿಯ ನೀರು ಉಪ್ಪಾದ ವರ್ಷ ಅಲ್ಲಿದ್ದ ಹನ್ನೊಂದು ಮನೆಯವರು ಬಾಗಿಲು, ಮಾಡಿನ ಗಳ ಬಿಚ್ಚಿ ದೋಣಿಗೆ ಹೇರಿಕೊಂಡು ಈಚೆ ದಡದ ನಮ್ಮೂರಿಗೆ ಬಂದರು. ಅವರಲ್ಲಿ ಉಳಿದಿರುವವರು ಬಾರ್ಕೆ ಅಜ್ಜಿ ಒಬ್ಬರೇ. ತೆಂಗಿನ ನಾರು ಹೊಸೆದು ಹಗ್ಗ ಮಾರಿ ಬದುಕಿದವರು.

ಹೋದ ತಿಂಗಳು ಮೊಂಬಾಸಾದಿಂದ ನಕ್ಷೆ ಮಾಡಲು ಜುಹೂರಾ ಎಂಬ ಹುಡುಗಿ ಬಂದಳು. ಜಾಗಗಳ ಹೆಸರು ಕೇಳಲು ಅಜ್ಜಿಯನ್ನು ನಮ್ಮೂರ ಬೆಸ್ತ ಶೀಬ್ವಾನಾನ ದೋಣಿಯಲ್ಲಿ ಕರೆದೊಯ್ದಳು. ಅಜ್ಜಿ ಒಂದೊಂದೇ ಹೇಳಿದರು. ಮರಳ ದಿಬ್ಬ ಬಂದಾಗ ಶೀಬ್ವಾನಾ ಬಾಯಿ ಹಾಕಿದ.

"ಇದು ಅತಿಥಿ ದಿಬ್ಬ ಮೇಡಂ. ಹಡಗು ಒಡೆದು ಸತ್ತ ಅರಬ್ ಸಾಹುಕಾರನ್ನ ಇಲ್ಲೇ ಹೂತಿದ್ದಂತೆ. ಹೊಟ್ಟೆ ಇಷ್ಟು ದಪ್ಪ! ಹೊರೋಕೆ ಎಂಟು ಜನ ಬೇಕಾಯ್ತಂತೆ."

"ನೀನು ನೋಡಿದ್ಯೇನೋ?" ಎಂದರು ಅಜ್ಜಿ.

"ನಮ್ಮಪ್ಪ ಹೇಳಿದ್ದು."

"ನಿಮ್ಮಪ್ಪ ಹಿಡಿದ ಮೀನಿನ ಉದ್ದ ಹೇಳ್ತಿದ್ದದ್ದೂ ಹಿಂಗೇ."

ಜುಹೂರಾ ನಗುತ್ತ ಬರೆದುಕೊಳ್ಳತೊಡಗಿದಳು. ಅಜ್ಜಿ ಅವಳ ಕೈ ಹಿಡಿದರು. "ಬರೀಬೇಡ ಮಗಳೇ. ಅಲ್ಲಿರೋದು ನನ್ನ ಕೂಸು."

ನಮ್ಮಲ್ಲಿ ಕೂಸಿಗೆ ಹೆಸರಿಡುವುದು ಏಳನೆಯ ದಿನ. ಅಲ್ಲಿಯತನಕ ಅದು ಮನೆಗೆ ಬಂದ ಅತಿಥಿ. ಅಜ್ಜಿಯ ಚೊಚ್ಚಲ ಹೆಣ್ಣುಕೂಸು ಐದನೆಯ ದಿನ ಹೋಯಿತು. ಮೀನಿಗೆ ಹೋಗಿದ್ದ ಗಂಡ ಮರಳಿ ಬಂದು, "ಅತಿಥಿ ಎಲ್ಲಿ?" ಎಂದಾಗ ಅಜ್ಜಿ ಈ ದಿಬ್ಬ ತೋರಿಸಿದ್ದರು. ಆ ಮಾತು ಬೆಸ್ತರ ಬಾಯಿಗೆ ಬಿದ್ದು ದಿಬ್ಬಕ್ಕೆ ಹೆಸರಾಯಿತು. ಸಾಹುಕಾರ ಆಮೇಲೆ ಹುಟ್ಟಿದವನು. ಅಜ್ಜಿ ತಿದ್ದಲಿಲ್ಲ. ದಿಬ್ಬದ ಹೆಸರಲ್ಲಿ ದಿನಾ ಯಾರಾದರೂ ಮಗಳನ್ನು ಕರೆಯುತ್ತಾರಲ್ಲ, ಅಷ್ಟು ಸಾಕಿತ್ತು ಅವರಿಗೆ.

ಜುಹೂರಾ ಬರೆದದ್ದನ್ನು ಹೊಡೆದುಹಾಕಿದಳು. "ಕೂಸಿನ ಹೆಸರು ಏನಂತ ಹಾಕಲಿ ಅಜ್ಜಿ?"

"ಇಡಲೇ ಇಲ್ವಲ್ಲ. ಅತಿಥಿ ಅಂತಲೇ ಇರಲಿ. ನಕ್ಷೇಲಿ ಮಾತ್ರ ಬರಿ. ನಾನು ಹೋದ್ಮೇಲೆ ಇನ್ಯಾರಿಗೆ ಗೊತ್ತಿರುತ್ತೆ?"

ಜುಹೂರಾ ನೀರಲ್ಲಿ ಊರಿದ್ದ ಅಳತೆಯ ಕೋಲನ್ನು ಎರಡು ಸಲ ನೋಡಿದಳು. "ಉಬ್ಬರದಲ್ಲಿ ಇದು ಪೂರ್ತಿ ಮುಳುಗುತ್ತೆ ಅಜ್ಜಿ. ಮುಳುಗೋದನ್ನ ನೆಲ ಅಂತ ತೋರಿಸೋ ಹಾಗಿಲ್ಲ. ಬರೀ ಚುಕ್ಕಿ ಇಡ್ತೀನಿ. ಹೆಸರು ಹಾಕೋಕೆ ಆಫೀಸಲ್ಲಿ ಬಿಡಲ್ಲ."

"ಮುಳುಗುತ್ತಾ? ಯಾವಾಗಿಂದ?"

"ನಾಲ್ಕು ವರ್ಷ ಆಯ್ತು," ಎಂದ ಶೀಬ್ವಾನಾ, ತಲೆ ಎತ್ತದೆ. "ನಿಮಗೆ ಯಾರೂ ಹೇಳ್ಲಿಲ್ವಾ?"

ಅಜ್ಜಿ ದೋಣಿಯಿಂದ ಮೊಣಕಾಲುದ್ದ ನೀರಿಗೆ ಇಳಿದು ದಿಬ್ಬ ಹತ್ತಿದರು. ಒಂದು ಕಡೆ ಕೂತು ಮರಳು ಮುಟ್ಟಿದರು. ಅಲ್ಲವೆಂದು ಎದ್ದು ಇನ್ನೊಂದು ಕಡೆ ಕೂತರು. ಮರಳು ಜಾಗ ಬದಲಿಸಿತ್ತು. ಶೀಬ್ವಾನಾ ಹೋಗಿ ಅವರ ತೋಳು ಹಿಡಿದ.

"ನೀರು ಏರ್ತಿದೆ ಅಜ್ಜಿ, ಬನ್ನಿ."

"ಇನ್ನೊಂದು ಸ್ವಲ್ಪ ಹೊತ್ತು ತಡಿಯೋ. ಅವಳಿಗೆ ಈಜು ಬರಲ್ಲ."